ಕ್ಯಾಪ್ಟನ್ ಸಾಹೇಬರೂ ಕೂಲಿಯವರೇ

ಹೊಸೂರಿಗೆ ವಿಮಾನ ನಿಲ್ದಾಣ ಬರುತ್ತದೆ ಎಂದು 2024ರ ಜೂನ್‌ನಲ್ಲಿ ಮುಖ್ಯಮಂತ್ರಿಯಾಗಿ ಎಂ.ಕೆ. ಸ್ಟಾಲಿನ್ ತಮಿಳುನಾಡು ವಿಧಾನಸಭೆಯಲ್ಲಿ ಘೋಷಿಸಿದ ಮೇಲೆ ಇಲ್ಲಿನ ನಮ್ಮವರ ಮನೆಗಳಲ್ಲಿ ಎರಡು ಮಾತು ಜೋರಾಗಿವೆ. ಒಂದು, ಶೂಳಗಿರಿ, ಬೇರಿಗೆ ಕಡೆಯ ಜಾಗದ ರೇಟು. ಇನ್ನೊಂದು, ಮಗನನ್ನು ಪೈಲಟ್ ಮಾಡುವುದು. 2,000 ಎಕರೆಯ ನಿಲ್ದಾಣ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು ಎಂಬುದು ಘೋಷಣೆ. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ 2033ರವರೆಗೆ ಇನ್ನೊಂದು ನಿಲ್ದಾಣ ಬೆಳೆಯಬಾರದು ಎಂಬ ಷರತ್ತು ಇದೆ. ಆದರೆ ಕನಸಿಗೆ ಷರತ್ತು ಎಲ್ಲಿಯದು? ಮಂಗಳೂರಿನಲ್ಲೂ ಹೊಸೂರಿನಲ್ಲೂ ಹೆಣ್ಣು ಕೊಡುವ ಮಾತು ಬಂದರೆ 'ಹುಡುಗ ಪೈಲಟ್' ಎಂಬ ಒಂದು ಶಬ್ದಕ್ಕೆ ಮಜಲಿಸ್‌ನಲ್ಲಿ ಕೂತವರೆಲ್ಲ ಸೆಟೆದು ಕೂರುತ್ತಾರೆ. ಡಾಕ್ಟರ್ ಆದರೂ ಇಷ್ಟು ಗೌರವ ಸಿಗುತ್ತದೋ ಇಲ್ಲವೋ.

ಈ ಗೌರವದ ಬಗ್ಗೆಯೇ ನನಗೆ ತಕರಾರು.

ವಿಮಾನ ಹಾರಿಸುವವನು ಕೂಲಿಯವನು. ದೊಡ್ಡ ಕೂಲಿ, ದೊಡ್ಡ ಜವಾಬ್ದಾರಿ, ಆದರೆ ಕೂಲಿಯೇ. ತಿಂಗಳ ಕೊನೆಗೆ ಇನ್ನೊಬ್ಬ ಕೊಡುವ ಸಂಬಳಕ್ಕೆ ಕಾಯುವವನು. ಭುಜದ ಮೇಲಿನ ನಾಲ್ಕು ಪಟ್ಟಿಗಳನ್ನು ನೋಡಿ ನೋಡಿ ಅವನಿಗೆ ಇದು ಮರೆತುಹೋಗಿದೆ. ನಾವೂ ಅವನಿಗೆ ಮರೆಸಿದ್ದೇವೆ. ಕಂಪೆನಿ ಚೆನ್ನಾಗಿರುವಾಗ ಈ ಮರೆವಿನಿಂದ ಯಾರಿಗೂ ನಷ್ಟವಿಲ್ಲ. ಕಂಪೆನಿ ಮುಳುಗುವಾಗ ಅದಕ್ಕೆ ಬೆಲೆ ಕಟ್ಟುವುದು ಮೊದಲು ಪೈಲಟ್, ಆಮೇಲೆ ಅವನ ಮನೆಯವರು. ಕೆಲವೊಮ್ಮೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂತ ನಾವು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ಕಿಂಗ್‌ಫಿಶರ್ ಏರ್‌ಲೈನ್ಸ್ ಆ ಊರಿನ ಕಂಪೆನಿ, ನಮ್ಮ ಬಂಟ್ವಾಳ ಮೂಲದ ಮಲ್ಯ ಕುಟುಂಬದ್ದು. 2005ರ ಮೇ ತಿಂಗಳಲ್ಲಿ ಹಾರಾಟ ಶುರುವಾಯಿತು. ಎರಡೇ ವರ್ಷದಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಕೂಡ ಅದರ ಕೈಗೆ ಹೋಯಿತು. ಕೆಂಪು ಬಣ್ಣ, ಬಿಸಿ ಊಟ, ಸೀಟಿಗೊಂದು ಟಿವಿ. ಅಲ್ಲಿ ಕೆಲಸ ಸಿಕ್ಕಿದ ಪೈಲಟ್‌ಗೆ ರಾಜನ ಆಸ್ಥಾನದಲ್ಲಿ ಕುರ್ಚಿ ಸಿಕ್ಕಿದ ಹಾಗೆ.

2012ರಲ್ಲಿ ಸಂಬಳ ತಿಂಗಳುಗಟ್ಟಲೆ ನಿಂತಿತು. ಪೈಲಟ್‌ಗಳು ಅಲ್ಲೊಮ್ಮೆ ಇಲ್ಲೊಮ್ಮೆ ಕೆಲಸ ಬಿಟ್ಟು ಕೂತರು. ಮೇಲಿನಿಂದ ಒಂದು ಪತ್ರ, ಒಂದು ಭರವಸೆ ಬಂದರೆ ಮತ್ತೆ ಸಮವಸ್ತ್ರ ಹಾಕಿಕೊಂಡು ಹೋದರು. ಸೆಪ್ಟೆಂಬರ್ ಕೊನೆಗೆ ವಿಮಾನದ ಇಂಜಿನಿಯರ್‌ಗಳು ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ಕ್ಕೆ ಕಂಪೆನಿಯೇ ಬೀಗ ಹಾಕಿತು. ಅಕ್ಟೋಬರ್ 20ರಂದು ಡಿಜಿಸಿಎ ಪರವಾನಗಿಯನ್ನು ಅಮಾನತು ಮಾಡಿತು. ಅಷ್ಟಾದ ಮೇಲೂ, ದೀಪಾವಳಿಯೊಳಗೆ ಇಷ್ಟು ತಿಂಗಳ ಸಂಬಳ ಕೊಡುತ್ತೇವೆ ಎಂಬ ಮಾತು ನಂಬಿ ಆ ತಿಂಗಳ ಕೊನೆಗೆ ನೌಕರರು ಕೆಲಸಕ್ಕೆ ಮರಳಲು ಒಪ್ಪಿದರು. ಕೆಲಸವೇ ಇರಲಿಲ್ಲ. ಡಿಸೆಂಬರ್ 31ಕ್ಕೆ ಪರವಾನಗಿಯ ಅವಧಿಯೂ ಮುಗಿಯಿತು. ಆ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಅದೇ ಕಂಪೆನಿಯ ನೌಕರನೊಬ್ಬನ ಹೆಂಡತಿ ಜೀವ ಕಳೆದುಕೊಂಡಳು. ಗಂಡನಿಗೆ ತಿಂಗಳುಗಳಿಂದ ಸಂಬಳ ಬಂದಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಯಜಮಾನರ 60ನೇ ಹುಟ್ಟುಹಬ್ಬದ ಗದ್ದಲ. 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. ನವೆಂಬರ್ 18ರಂದು ಕರ್ನಾಟಕ ಹೈಕೋರ್ಟ್ ಕಂಪೆನಿಯನ್ನು ಮುಚ್ಚಲು ಆದೇಶ ಕೊಟ್ಟಿತು. 17 ಬ್ಯಾಂಕ್‌ಗಳಿಗೆ ಬಡ್ಡಿ ಸೇರಿ 9,000 ಕೋಟಿ ರೂಪಾಯಿಗೂ ಮಿಕ್ಕಿ ಬಾಕಿ ಎಂಬುದು ಇಡೀ ದೇಶಕ್ಕೆ ಬಾಯಿಪಾಠ. ಸಂಬಳ ಬಾಕಿ ಎಷ್ಟು ಎಂದು ಯಾರನ್ನಾದರೂ ಕೇಳಿ ನೋಡಿ, ಹೇಳುವವರಿಲ್ಲ. ಬ್ಯಾಂಕಿನ ಬಾಕಿಗೆ ಟಿವಿಯಲ್ಲಿ ರಾತ್ರಿಯಿಡೀ ಚರ್ಚೆ. ಕೂಲಿಯ ಬಾಕಿ ಮನೆಯ ಒಳಕೋಣೆಯ ವಿಷಯ.

ಇಲ್ಲಿ ಅಂಗಡಿಯ ಒಂದು ನಿಯಮ ಹೇಳುತ್ತೇನೆ. ನನ್ನ ಬಾಪ ಹೊಸೂರಿನಲ್ಲಿ ಅಂಗಡಿ ಇಟ್ಟವರು. ವ್ಯಾಪಾರ ಬಿದ್ದ ತಿಂಗಳಲ್ಲಿ ಅವರ ಲೆಕ್ಕ ಹೀಗಿತ್ತು: ಮೊದಲು ಕೆಲಸದ ಹುಡುಗರ ಸಂಬಳ, ಆಮೇಲೆ ಹೋಲ್‌ಸೇಲ್‌ನವನ ಬಾಕಿ, ಉಳಿದರೆ ನಮ್ಮ ಮನೆ ಖರ್ಚು. ಹೋಲ್‌ಸೇಲ್‌ನವನಿಗೆ ಇನ್ನೂ ಹತ್ತು ಅಂಗಡಿ ಇರುತ್ತದೆ, ಹುಡುಗನಿಗೆ ನಮ್ಮದೊಂದೇ ಎನ್ನುವುದು ಅವರ ವಾದ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಬೆವರು ಆರುವ ಮೊದಲು ಕೂಲಿ ಕೈಸೇರಬೇಕು ಎಂಬುದನ್ನು ಮದ್ರಸದ ಬೆಂಚಿನಲ್ಲೇ ಕೇಳಿ ಬೆಳೆದವರು ನಾವು. ನಮ್ಮಲ್ಲಿ ಅಂಗಡಿ ನಡೆಸುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎಲ್ಲರೂ ಮಾಡುತ್ತಾರೋ ಇಲ್ಲವೋ ಬೇರೆ ಮಾತು.

ದೇಶದ ಕಾನೂನಿನಲ್ಲೂ ಇಂಥ ಒಂದು ಸಾಲು ಇದೆ. 2016ರ ದಿವಾಳಿ ಸಂಹಿತೆಯ 53ನೇ ಕಲಂ ಓದಿ. ಕಂಪೆನಿಯನ್ನು ಮಾರಿ ಬಂದ ಹಣ ಯಾರಿಗೆ ಮೊದಲು ಎಂದು ಅದು ಹೇಳುತ್ತದೆ. ಮೊದಲು ದಿವಾಳಿ ನಡೆಸಿದ ಖರ್ಚು. ಅದರ ಹಿಂದೆ, ಅಡವು ಇಟ್ಟುಕೊಂಡ ಬ್ಯಾಂಕ್‌ಗಳ ಭುಜಕ್ಕೆ ಭುಜ ಕೊಟ್ಟು ನಿಲ್ಲುವವನು ಕಾರ್ಮಿಕ. ಅವನ 24 ತಿಂಗಳ ಬಾಕಿಗೆ ಅಲ್ಲಿ ಜಾಗ. ಅದರ ಕೆಳಗಿನ ಮೆಟ್ಟಿಲಲ್ಲಿ 'ಕಾರ್ಮಿಕರಲ್ಲದ ಇತರ ನೌಕರರು'. ಅವರಿಗೆ 12 ತಿಂಗಳಷ್ಟೇ, ಅದೂ ಬ್ಯಾಂಕ್‌ಗಳು ತಿಂದು ಉಳಿದರೆ. ಮುಳುಗಿದ ವಿಮಾನ ಕಂಪೆನಿಯಲ್ಲಿ ಬ್ಯಾಂಕ್ ತಿಂದು ಉಳಿಯುವುದು ಏನು? ವಿಮಾನಗಳೇ ಬಹುಪಾಲು ಬಾಡಿಗೆಯವು. ಬಾಡಿಗೆ ಕೊಟ್ಟವರು ಬಂದು ಬಿಡಿಸಿಕೊಂಡು ಹೋಗುತ್ತಾರೆ. ಉಳಿಯುವುದು ಬೋರ್ಡು, ಬಸ್ಸು, ಟ್ರಾಲಿ.

ಹಾಗಾದರೆ ಕಾರ್ಮಿಕ ಯಾರು? ಇದರ ಅರ್ಥ 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದದ್ದು. ಕೈಕೆಲಸ, ಕುಶಲ ಕೆಲಸ, ತಾಂತ್ರಿಕ ಕೆಲಸ, ಯಂತ್ರ ನಡೆಸುವ ಕೆಲಸ ಮಾಡುವವನು ಕಾರ್ಮಿಕ. ಆಡಳಿತ ನಡೆಸುವವನು ಅಲ್ಲ. ಒಂದು ಮಿತಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕನೂ ಅಲ್ಲ. ಈಗ ನೀವೇ ಹೇಳಿ, ಏರ್‌ಬಸ್ ಹಾರಿಸುವವನು ಮಾಡುವುದು ಆಡಳಿತವೋ, ತಾಂತ್ರಿಕ ಕೆಲಸವೋ? ನನ್ನ ಮೆಕ್ಯಾನಿಕಲ್ ಡಿಪ್ಲೊಮಾ ಬುದ್ಧಿಗೆ ಇದರಲ್ಲಿ ಸಂಶಯವೇ ಇಲ್ಲ. ಯಂತ್ರವನ್ನು ಕೈಯಲ್ಲಿ ಹಿಡಿದು ನಡೆಸುವವನು, ಪ್ರತಿ ಹೆಜ್ಜೆಗೂ ಚೆಕ್‌ಲಿಸ್ಟ್ ಓದುವವನು, ಇನ್ನೊಬ್ಬ ಬರೆದ ರೋಸ್ಟರ್ ಪ್ರಕಾರ ರಾತ್ರಿ ಎರಡಕ್ಕೆ ಏಳುವವನು ಮ್ಯಾನೇಜರ್ ಹೇಗಾಗುತ್ತಾನೆ? ಒಬ್ಬನಿಗೆ ರಜೆ ಕೊಡುವ ಅಧಿಕಾರವೂ ಅವನಿಗಿಲ್ಲ.

ಆದರೆ ಬಾಕಿ ಕೇಳಿ ಕೋರ್ಟಿಗೆ ಹೋದಾಗ ಕಂಪೆನಿಯ ವಕೀಲರು ಎದ್ದು ನಿಂತು ಹೇಳುವುದು ಇದೇ: ಇವರು ಕ್ಯಾಪ್ಟನ್, ಕಮಾಂಡರ್, ಇವರ ಕೈಕೆಳಗೆ ಇಷ್ಟು ಸಿಬ್ಬಂದಿ, ಇವರ ಸಂಬಳ ಇಷ್ಟು ಲಕ್ಷ, ಇವರು ಕಾರ್ಮಿಕರಲ್ಲ. ಮದುವೆ ಮನೆಯಲ್ಲಿ ನಾವು ಯಾವ ಶಬ್ದಕ್ಕೆ ತಲೆಬಾಗಿದೆವೋ, ಅದೇ ಶಬ್ದ ಕೋರ್ಟಿನಲ್ಲಿ ಅವನ ಕುತ್ತಿಗೆಗೆ ಬೀಳುತ್ತದೆ. ಹೆಮ್ಮೆಗೆ ಕಾನೂನಿನಲ್ಲಿ ರೇಟು ಇದೆ ಎಂದರೆ ಇದು. ಒಂದು ಮೆಟ್ಟಿಲು ಕೆಳಗೆ, 12 ತಿಂಗಳು ಕಡಿಮೆ.

ಸಿಪ್‌ಕಾಟ್‌ನ ಗೇಟಿನ ಹೊರಗೆ ನಿಂತು ನೋಡಿ. ಹೊಸೂರಿನ ಲೈನ್ ಆಪರೇಟರ್‌ಗೆ ತಾನು ಯಾರು ಎಂಬ ಬಗ್ಗೆ ಗೊಂದಲ ಇಲ್ಲ. ಕಾಯಂ ಆಗಿದ್ದರೆ ಯೂನಿಯನ್ ಚಂದಾ ಕಟ್ಟುತ್ತಾನೆ, 12(3) ಒಪ್ಪಂದದಲ್ಲಿ ಎಷ್ಟು ಏರಿತು ಎಂದು ಪೈಸೆ ಸಮೇತ ಹೇಳುತ್ತಾನೆ. ಕಾಂಟ್ರಾಕ್ಟ್ ಆಗಿದ್ದರೆ ತನ್ನನ್ನು ಏಕೆ ಕಾಯಂ ಮಾಡಿಲ್ಲ ಎಂಬ ಸಿಟ್ಟು ಅವನಿಗಿದೆ. ಕಾರ್ಖಾನೆ ಮುಚ್ಚಿದರೆ ಏನು ಕೇಳಬೇಕು, ಯಾರ ಬಳಿ ಕೇಳಬೇಕು ಎಂಬುದೂ ಗೊತ್ತು. ತಿಂಗಳಿಗೆ ಇಪ್ಪತ್ತು ಸಾವಿರದವನಿಗೆ ಗೊತ್ತಿರುವುದು ಐದು ಲಕ್ಷದವನಿಗೆ ಗೊತ್ತಿಲ್ಲ ಎಂದರೆ ಅದನ್ನು ಏನೆಂದು ಕರೆಯೋಣ?

ಇನ್ನೊಂದು ವ್ಯತ್ಯಾಸ ನೋಡಿ. ಲೇತ್ ನಡೆಸುವವನು ಒಂದು ಗೇಟಿನಿಂದ ಹೊರಬಂದರೆ ರಸ್ತೆ ದಾಟಿ ಇನ್ನೊಂದು ಗೇಟಿಗೆ ಹೋಗಬಹುದು. ಕಸುಬು ಅವನ ಕೈಯಲ್ಲಿದೆ, ಆರು ತಿಂಗಳು ಮನೆಯಲ್ಲಿ ಕೂತರೂ ತುಕ್ಕು ಹಿಡಿಯುವುದಿಲ್ಲ. ಪೈಲಟ್‌ನ ಕಸುಬು ಹಾಗಲ್ಲ. ಎಟಿಆರ್ ಹಾರಿಸುವವನು ನಾಳೆ ಏರ್‌ಬಸ್ ಹತ್ತುವಂತಿಲ್ಲ. ಒಂದೊಂದು ಬಗೆಯ ವಿಮಾನಕ್ಕೆ ಒಂದೊಂದು ರೇಟಿಂಗ್, ಅದಕ್ಕೆ ಮತ್ತೆ ಲಕ್ಷಗಳು. 90 ದಿನಗಳಲ್ಲಿ ಮೂರು ಬಾರಿ ಏರಿಸಿ ಇಳಿಸದಿದ್ದರೆ ಪ್ರಯಾಣಿಕರನ್ನು ಹೊತ್ತು ಹಾರುವ ಹಾಗಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ, ವರ್ಷವರ್ಷ ವೈದ್ಯಕೀಯ ತಪಾಸಣೆ. ವಿಮಾನ ಕಂಪೆನಿಯದ್ದು, ಸಿಮ್ಯುಲೇಟರ್ ಕಂಪೆನಿಯದ್ದು. ಕಂಪೆನಿ ನಿಂತ ಮೂರೇ ತಿಂಗಳಲ್ಲಿ ಅವನ ಲೈಸೆನ್ಸ್ ಬರಿ ಕಾಗದವಾಗುತ್ತ ಬರುತ್ತದೆ. ಅರ್ಧ ಕೋಟಿಗೂ ಮೇಲೆ ಸುರಿದು ಕಲಿತ ಕಸುಬು ಸಂಬಳ ಕೊಡುವವನ ಬೀಗದ ಒಳಗಿದೆ. ಇಷ್ಟು ಕಟ್ಟಿಹಾಕಲ್ಪಟ್ಟ ಕೆಲಸದವನು ಹೊಸೂರಿನ ಯಾವ ಶೆಡ್‌ನಲ್ಲೂ ಇಲ್ಲ. ಒಗ್ಗಟ್ಟು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವನಿಗೆ.

ನೋಟಿಸಿನ ಕಥೆ ಇನ್ನೂ ಚೆನ್ನಾಗಿದೆ. 2017ರ ಡಿಜಿಸಿಎ ನಿಯಮದ ಪ್ರಕಾರ ಕೆಲಸ ಬಿಡಬೇಕಾದರೆ ಕಮಾಂಡರ್ ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮೊದಲೇ ತಿಳಿಸಬೇಕು. 2023ರಲ್ಲಿ ಆಕಾಸ ಏರ್ ಕಂಪೆನಿ ನೋಟಿಸ್ ಅವಧಿ ಮುಗಿಸದೆ ಹೋದರೆಂದು 43 ಪೈಲಟ್‌ಗಳ ಮೇಲೆ ಕೋರ್ಟಿಗೆ ಹೋಯಿತು. ಸರಿ, ಮಾತಿಗೆ ಮಾತು ನಿಲ್ಲಬೇಕು. ಅದೇ ವರ್ಷದ ಮೇ 2ರಂದು ಗೋ ಫಸ್ಟ್ ಕಂಪೆನಿ ದಿವಾಳಿ ಅರ್ಜಿ ಹಾಕಿತು. ಮೇ 3ರಿಂದ ವಿಮಾನವಿಲ್ಲ. ಅಮೆರಿಕದ ಪ್ರಾಟ್ ಆಂಡ್ ವಿಟ್ನಿ ಕಂಪೆನಿ ಇಂಜಿನ್ ಕೊಡಲಿಲ್ಲ ಎಂಬುದು ಕಾರಣ. ಇರಬಹುದು. ಆದರೆ ಪೈಲಟ್‌ಗೆ ಕೊಟ್ಟ ನೋಟಿಸ್ ಎಷ್ಟು ದಿನದ್ದು? ಒಂದು ರಾತ್ರಿಯದ್ದು. 2025ರ ಜನವರಿ 20ರಂದು ಆ ಕಂಪೆನಿಯನ್ನು ಮಾರಿ ಮುಗಿಸಲು ಆದೇಶ ಬಂತು. ಆಳಿಗೆ ಒಂದು ವರ್ಷ, ಯಜಮಾನನಿಗೆ ಒಂದು ರಾತ್ರಿ. ಈ ನಿಯಮವನ್ನು ಬದಲಿಸಲು ಒಬ್ಬೊಬ್ಬನೇ ಕ್ಯಾಪ್ಟನ್ ಎಷ್ಟು ಗರ್ಜಿಸಿದರೂ ಆಗದು.

ಜೆಟ್ ಏರ್‌ವೇಸ್‌ನ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಿ. 2019ರ ಜನವರಿಯಿಂದ ಪೈಲಟ್‌ಗಳಿಗೆ ಸಂಬಳ ಇಲ್ಲ. ಮಾರ್ಚ್ ಕೊನೆಯೊಳಗೆ ಕೊಡದಿದ್ದರೆ ಏಪ್ರಿಲ್ 1ರಿಂದ ಹಾರುವುದಿಲ್ಲ ಎಂದರು, ಮುಂದೂಡಿದರು. ಏಪ್ರಿಲ್ 15ರ ಬೆಳಿಗ್ಗೆ 10 ಗಂಟೆಯಿಂದ ಹಾರುವುದಿಲ್ಲ ಎಂದರು, ಅದನ್ನೂ ಮುಂದೂಡಿದರು. ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹಾರಿದ್ದೇ ಕೊನೆಯ ವಿಮಾನ. ಕಂಪೆನಿಯ ಮೇಲಿನ ಪ್ರೀತಿ ಎಂದು ಇದನ್ನು ಹೊಗಳುವವರಿದ್ದಾರೆ. ಪ್ರೀತಿ ಇದ್ದದ್ದು ನಿಜ. ಆದರೆ ಇದೇ ಜೆಟ್‌ನಲ್ಲಿ 2009ರ ಸೆಪ್ಟೆಂಬರ್‌ನಲ್ಲಿ, ಸಂಘ ಕಟ್ಟಿದರೆಂದು ಇಬ್ಬರನ್ನು ತೆಗೆದುಹಾಕಿದಾಗ, ನೂರಾರು ಪೈಲಟ್‌ಗಳು ಐದು ದಿನ ಒಟ್ಟಿಗೆ 'ಹುಷಾರಿಲ್ಲ' ಎಂದು ಮನೆಯಲ್ಲಿ ಕೂತು ಕಂಪೆನಿಯನ್ನು ಮಾತುಕತೆಗೆ ಎಳೆದಿದ್ದರು. ಒಗ್ಗಟ್ಟಿಗೆ ಬಲ ಇರುವುದು ಕಂಪೆನಿಯ ಪೆಟ್ಟಿಗೆಯಲ್ಲಿ ಹಣ ಇರುವಾಗ. ಪೆಟ್ಟಿಗೆ ಬರಿದಾದ ಮೇಲೆ ಮುಷ್ಕರ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಜೆಟ್ ಮುಳುಗಿದ ಮೇಲೆ ನಡೆದ ಒಂದು ಕೇಸನ್ನು ನಮ್ಮ ಹುಡುಗರು ತಿಳಿದಿರಬೇಕು. ಪ್ರಾವಿಡೆಂಟ್ ಫಂಡ್ ಮತ್ತು ಗ್ರಾಚ್ಯುಟಿ ಸಾಲಗಾರರು ಹಂಚಿಕೊಳ್ಳುವ ಹಣವಲ್ಲ, ಅದು ದುಡಿದವನದು, ಪೂರ್ತಿ ಕೊಡಬೇಕು ಎಂದು ರಾಷ್ಟ್ರೀಯ ಕಂಪೆನಿ ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕೇಸಿನ ತಲೆಯಲ್ಲಿ ಯಾರ ಹೆಸರಿದೆ ಗೊತ್ತೇ? ವಿಮಾನ ರಿಪೇರಿಯ ಇಂಜಿನಿಯರ್‌ಗಳ ಸಂಘದ್ದು. ಕಿಂಗ್‌ಫಿಶರ್‌ನಲ್ಲಿ ವಿಮಾನಗಳನ್ನು ನೆಲಕ್ಕೆ ನಿಲ್ಲಿಸಿದವರೂ ಇದೇ ಇಂಜಿನಿಯರ್‌ಗಳು. ಇದು ಆಕಸ್ಮಿಕವಲ್ಲ. ಇಲ್ಲೇ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್ ಕಂಪೆನಿಯ ರನ್‌ವೇ ಇದೆ, ಅಲ್ಲಿ ವಿಮಾನ ರಿಪೇರಿಯ ಶೆಡ್ ಇದೆ. ಆ ಕೆಲಸದವರ ಅಂಗಿಗೆ ಗ್ರೀಸ್ ಮೆತ್ತಿರುತ್ತದೆ. ತಾನು ಕೆಲಸದವನು ಎಂದು ದಿನಾ ಸಂಜೆ ಕೈ ತೊಳೆಯುವಾಗ ನೆನಪಾಗುತ್ತದೆ. ಅವನ ಸಹಿ ಇಲ್ಲದೆ ವಿಮಾನ ನೆಲ ಬಿಡದು, ಆದರೂ ಅವನು ತನ್ನನ್ನು ನವಾಬ ಎಂದುಕೊಂಡಿಲ್ಲ. ಬಿಳಿ ಅಂಗಿಯವನಿಗೆ ಆ ಗ್ರೀಸ್ ಇಲ್ಲದ್ದೇ ತೊಂದರೆ.

ಪೈಲಟ್‌ಗಳು ಹೋರಾಡಿದ್ದೇ ಇಲ್ಲ ಎಂದಲ್ಲ. ಕಿಂಗ್‌ಫಿಶರ್ ಉಸಿರುಗಟ್ಟುತ್ತಿದ್ದ ಅದೇ 2012ರಲ್ಲಿ ಏರ್ ಇಂಡಿಯಾದ ಪೈಲಟ್‌ಗಳ ಒಂದು ಸಂಘ ಮೇ ತಿಂಗಳಿನಿಂದ 58 ದಿನ ಮುಷ್ಕರ ಮಾಡಿತು. ಮುಖ್ಯ ತಕರಾರು ಏನು? ಹೊಸ ಬೋಯಿಂಗ್ 787 ವಿಮಾನದ ತರಬೇತಿ ಹಳೆಯ ಏರ್ ಇಂಡಿಯಾದವರಿಗೆ ಮಾತ್ರವೋ, ವಿಲೀನವಾಗಿ ಬಂದ ಇಂಡಿಯನ್ ಏರ್‌ಲೈನ್ಸ್‌ನವರಿಗೂ ಉಂಟೋ ಎಂಬುದು. ಒಂದೇ ಕಂಪೆನಿಯ, ಒಂದೇ ಸಮವಸ್ತ್ರದ ಇನ್ನೊಬ್ಬ ಪೈಲಟ್ ನನ್ನ ಸಾಲಿಗೆ ಬರಬಾರದು ಎಂದು 58 ದಿನ! ಆ ದಿನಗಳಲ್ಲಿ ಕಂಪೆನಿ ವಿಮಾನ ಓಡಿಸಿದ್ದು 'ಎಕ್ಸಿಕ್ಯುಟಿವ್' ಎಂಬ ಬಿರುದು ಹೊತ್ತ ಪೈಲಟ್‌ಗಳಿಂದ. ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು, ಸಂಘದ ಮಾನ್ಯತೆ ಹೋಯಿತು. ಹಿರಿಮೆಗಾಗಿ ಮಾಡಿದ ಜಗಳಕ್ಕೆ ಯಾರ ಬೆಂಬಲವೂ ಸಿಗಲಿಲ್ಲ.

ಇದರ ಪಕ್ಕದಲ್ಲಿ 2024ರ ಮೇ ತಿಂಗಳನ್ನು ಇಡಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ, ಅಂದರೆ ನಮಗೆ ನೀರು, ಊಟ ಕೊಡುವ ಹುಡುಗ ಹುಡುಗಿಯರು, ಮೇ 7ರ ರಾತ್ರಿಯಿಂದ ಒಟ್ಟಿಗೆ ರಜೆ ಹಾಕಿದರು. ಕಂಪೆನಿ 25 ಜನರನ್ನು ವಜಾ ಮಾಡಿತು. ಅವರಿಗೆ ಯೂನಿಯನ್ ಇತ್ತು. ಮೇ 9ರಂದು ದೆಹಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಮೇಜಿನ ಎದುರು ಎರಡೂ ಕಡೆಯವರು ಕೂತರು. 25 ಜನರೂ ಕೆಲಸಕ್ಕೆ ಮರಳಿದರು. ತಾವು ಕಾರ್ಮಿಕರು ಎಂದವರಿಗೆ ಮೂರೇ ದಿನದಲ್ಲಿ ಮೇಜು ಸಿಕ್ಕಿತು. ಕಾಕ್‌ಪಿಟ್‌ನ ಬಾಗಿಲಿನ ಆಚೆ ಮತ್ತು ಈಚೆ ಇರುವ ಅಂತರ ಕೆಲವು ಅಡಿ. ಆದರೆ ತಾನು ಯಾರು ಎಂಬ ತಿಳಿವಳಿಕೆಯಲ್ಲಿ ಎಷ್ಟು ಅಂತರ!

ಇಲ್ಲಿ ನಮ್ಮವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಗೊತ್ತಿದೆ. ಆ ಮೇ ತಿಂಗಳಲ್ಲಿ ಗಲ್ಫ್‌ಗೆ ಹೊರಟವರು ನಿಲ್ದಾಣಗಳಲ್ಲಿ ಪೆಟ್ಟಿಗೆ ಹಿಡಿದು ಕೂತದ್ದು ಸುಳ್ಳಲ್ಲ. ರಜೆ ಮುಗಿದವರು, ವೀಸಾದ ದಿನ ಎಣಿಸುತ್ತಿದ್ದವರು ಅದರಲ್ಲಿದ್ದರು. ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದ ಗಂಡನ ಬಳಿ ಹೋಗಲಾಗದೆ, ಕೊನೆಗೆ ಅವನ ಮರಣದ ಸುದ್ದಿ ಕೇಳಬೇಕಾದ ಕೇರಳದ ಹೆಣ್ಣುಮಗಳ ದುಃಖಕ್ಕೆ ಯಾವ ವಾದವೂ ಉತ್ತರವಲ್ಲ. ಮುಷ್ಕರ ನಮ್ಮಂಥವರ ಹೊಟ್ಟೆಗೆ ಹೊಡೆಯುತ್ತದೆ. ಅದಕ್ಕಾಗಿಯೇ ನಾನು ಹೇಳುವುದು, ಮುಷ್ಕರದ ಮೊದಲು ಮೇಜು ಇರಬೇಕು. ಮೇಜು ಇಲ್ಲದ ಕಡೆ ಜನ ಒಂದೇ ರಾತ್ರಿ ಹುಷಾರು ತಪ್ಪುತ್ತಾರೆ. ಸಂಘವನ್ನು ಒಪ್ಪಿ, ವರ್ಷವರ್ಷ ಕೂತು ಮಾತಾಡಿ, ಒಪ್ಪಂದಕ್ಕೆ ಸಹಿ ಹಾಕುವ ಕಡೆ ಹೀಗಾಗುವುದು ಕಡಿಮೆ.

'ಲಕ್ಷ ಲಕ್ಷ ಎಣಿಸುವವರ ಬಗ್ಗೆ ನಮಗೇಕೆ ಮರುಕ' ಎಂಬ ಪ್ರಶ್ನೆಯೂ ಬರುತ್ತದೆ. ಮರುಕ ಬೇಡ. ನಮ್ಮ ಜೀವದ ಲೆಕ್ಕವನ್ನಾದರೂ ಮಾಡೋಣ.

2010ರ ಮೇ 22. ದುಬೈಯಿಂದ ಬಜ್ಪೆಗೆ ಬಂದ ವಿಮಾನ. 166 ಜನರಲ್ಲಿ ಉಳಿದವರು 8, ಹೋದವರು 158. ಮಂಗಳೂರಿನಿಂದ ಕಾಸರಗೋಡಿನವರೆಗೆ ಆ ದಿನ ನಮ್ಮವರ ಎಷ್ಟು ಮನೆಗಳಿಂದ ಮಯ್ಯಿತ್ ಎತ್ತಿದೆವು ಎಂದು ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ತನಿಖೆಯ ವರದಿ ಏನು ಹೇಳಿತು? ಕ್ಯಾಪ್ಟನ್ ದಾರಿಯಲ್ಲಿ ಒಂದು ಗಂಟೆ 40 ನಿಮಿಷದಷ್ಟು ನಿದ್ದೆಯಲ್ಲಿದ್ದರು. ಎದ್ದ ಮೇಲೂ ನಿದ್ದೆಯ ಮಂಕು ಪೂರ್ತಿ ಬಿಟ್ಟಿರಲಿಲ್ಲ. ಇಳಿಯುವ ದಾರಿ ತಪ್ಪಿದೆ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು.

ಆ ಇಬ್ಬರೂ ಅದೇ ಬೆಟ್ಟದಲ್ಲಿ ಹೋದವರು, ಅವರ ಮೇಲೆ ಕಲ್ಲು ಎಸೆಯುವ ಉದ್ದೇಶ ನನಗಿಲ್ಲ. ನಾನು ಕೇಳುವುದು ಕೆಲಸದ ಜಾಗದ ಬಗ್ಗೆ. ಹೊಸೂರಿನ ಒಳ್ಳೆಯ ಕಾರ್ಖಾನೆಯಲ್ಲಿ ಲೈನಿನ ಕೊನೆಯ ಹುಡುಗನಿಗೂ ತಪ್ಪು ಕಂಡರೆ ಲೈನ್ ನಿಲ್ಲಿಸುವ ಅಧಿಕಾರ ಇದೆ. ಹಗ್ಗ ಎಳೆದರೆ, ಗುಂಡಿ ಒತ್ತಿದರೆ ಲೈನ್ ನಿಲ್ಲುತ್ತದೆ. ಮ್ಯಾನೇಜರ್ ಓಡಿ ಬರುತ್ತಾನೆ, ಬೈಯಲು ಅಲ್ಲ, ನೋಡಲು. ಎರಡು ರೂಪಾಯಿಯ ಬೋಲ್ಟಿಗೆ ಇರುವ ಈ ವ್ಯವಸ್ಥೆ ಆ ಬೆಳಿಗ್ಗೆ ಕಾಕ್‌ಪಿಟ್‌ನಲ್ಲಿ ಕೆಲಸ ಮಾಡಲಿಲ್ಲ. ಮೂರು ಬಾರಿ ಹಗ್ಗ ಎಳೆದರೂ ಲೈನ್ ನಿಲ್ಲಲಿಲ್ಲ. ಪದವಿ ಮಾತಿಗಿಂತ ದೊಡ್ಡದಾದ ಕಡೆ ಹೀಗಾಗುತ್ತದೆ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೊರೋನಾ ಕಾಲದಲ್ಲಿ ದುಬೈಯಿಂದ ನಮ್ಮವರನ್ನು ಮನೆಗೆ ತರುತ್ತಿದ್ದ ವಿಮಾನ ಕೋಝಿಕ್ಕೋಡ್‌ನಲ್ಲಿ ಮಳೆಯ ನಡುವೆ ರನ್‌ವೇ ದಾಟಿ ಕೆಳಗೆ ಬಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು. ತನಿಖಾ ವರದಿಯಲ್ಲಿ ಒಂದು ಸಂಗತಿ ಇದೆ: ಆ ಕ್ಯಾಪ್ಟನ್ ಮರುದಿನ ಬೆಳಿಗ್ಗೆ ಕೋಝಿಕ್ಕೋಡ್‌ನಿಂದಲೇ ಇನ್ನೊಂದು ವಿಮಾನ ಹಾರಿಸಬೇಕಿತ್ತು, ಅಲ್ಲಿ ಬೇರೆ ಕ್ಯಾಪ್ಟನ್‌ಗಳು ಸಾಕಷ್ಟು ಇರಲಿಲ್ಲ, ಅಲ್ಲೇ ಇಳಿಸಬೇಕೆಂಬ ಒತ್ತಡಕ್ಕೆ ಅದೂ ಒಂದು ಕಾರಣವಾಗಿರಬಹುದು. ಅಂದರೆ ನಮ್ಮ ಜೀವ ರೋಸ್ಟರ್ ಎಂಬ ಒಂದು ಹಾಳೆಯ ಮೇಲೂ ನಿಂತಿದೆ. ಆ ಹಾಳೆಯನ್ನು ಬರೆಯುವವನಿಗೆ 'ಇದು ಆಗದು' ಎಂದು ಹೇಳುವ ಧೈರ್ಯ ಒಬ್ಬನೇ ಪೈಲಟ್‌ಗೆ ಎಲ್ಲಿಂದ ಬರುತ್ತದೆ? ಮನೆ ಸಾಲ ಇದೆ, ತರಬೇತಿಯ ಸಾಲ ಇದೆ, ಕಂಪೆನಿ ಅಲ್ಲಾಡುತ್ತಿದೆ ಎಂಬ ಸುದ್ದಿ ದಿನಾ ಪೇಪರಿನಲ್ಲಿದೆ. ಕೆಲಸದ ಭಯ ಹೊತ್ತವನು ದಣಿದಿದ್ದೇನೆ ಎಂದು ಹೇಳುವುದಿಲ್ಲ.

ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿಯನ್ನು 48 ಗಂಟೆಗೆ ಏರಿಸುವ, ರಾತ್ರಿ ಇಳಿಸುವ ಸಂಖ್ಯೆಯನ್ನು ಕಡಿಮೆ ಮಾಡುವ ಡಿಜಿಸಿಎ ನಿಯಮ 2025ರಲ್ಲಿ ಎರಡು ಕಂತಿನಲ್ಲಿ ಜಾರಿಗೆ ಬಂತು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಬಂದದ್ದು ಇದು. ಸಂಘ ಕಟ್ಟಿದ್ದರಿಂದ ಸಿಕ್ಕಿದ್ದು. ಅದೇ ಡಿಸೆಂಬರ್‌ನಲ್ಲಿ, ದೇಶದ ಅತಿ ದೊಡ್ಡ ಕಂಪೆನಿಯಾದ ಇಂಡಿಗೋ ಸಾಕಷ್ಟು ಪೈಲಟ್‌ಗಳಿಲ್ಲದೆ ಸಾವಿರಾರು ಹಾರಾಟ ರದ್ದು ಮಾಡಿತು. ಸರಕಾರ ಅದಕ್ಕೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ನಿಯಮ ಮುರಿದರೆ ಯಜಮಾನನಿಗೆ ವಿನಾಯಿತಿ, ನೋಟಿಸ್ ಮುರಿದರೆ ಪೈಲಟ್‌ಗೆ ಕೋರ್ಟು.

ಮಗನನ್ನು ಪೈಲಟ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಹಾರಲಿ, ಹೆಣ್ಣುಮಕ್ಕಳೂ ಹಾರಲಿ. ಆದರೆ ಉಮ್ಮನ ಬಂಗಾರ ಬ್ಯಾಂಕಿಗೆ ಹೋಗುವ ಮೊದಲು, ಊರಿನ ಜಾಗದ ಪತ್ರ ಅಡವು ಬೀಳುವ ಮೊದಲು, ತರಬೇತಿ ಶಾಲೆಯ ಬಣ್ಣದ ಕಾಗದವನ್ನು ಬದಿಗಿಟ್ಟು ಮನೆಯಲ್ಲಿ ಕೂತು ಕೆಲವು ಪ್ರಶ್ನೆ ಕೇಳಿ. 200 ಗಂಟೆ ಹಾರಿ ಲೈಸೆನ್ಸ್ ಬಂದ ಮೇಲೆ ರೇಟಿಂಗ್‌ಗೆ ಹಣ ಎಲ್ಲಿಂದ? ಕೆಲಸ ಸಿಗದೆ ಎರಡು ವರ್ಷ ಕೂತರೆ ಕಂತು ಕಟ್ಟುವುದು ಯಾರು? ಕೆಲಸ ಸಿಕ್ಕಿದ ಕಂಪೆನಿಯಲ್ಲಿ ಪ್ರಾವಿಡೆಂಟ್ ಫಂಡ್ ತಿಂಗಳು ತಿಂಗಳು ಖಾತೆಗೆ ಬೀಳುತ್ತಿದೆಯೇ? ಸಂಬಳದಿಂದ ಕಳೆದ ತೆರಿಗೆ ಸರಕಾರಕ್ಕೆ ತಲುಪುತ್ತಿದೆಯೇ? ಕಿಂಗ್‌ಫಿಶರ್ ನೌಕರರ ಸಂಬಳದಿಂದ ಕಳೆದ ತೆರಿಗೆ ಸರಕಾರಕ್ಕೆ ಸರಿಯಾಗಿ ಹೋಗಿರಲಿಲ್ಲ ಎಂಬುದನ್ನು ಮರೆಯಬೇಡಿ. ಅಲ್ಲಿ ಪೈಲಟ್‌ಗಳ ಸಂಘ ಇದೆಯೇ? ಇದ್ದರೆ ನಮ್ಮ ಹುಡುಗ ಮೊದಲ ತಿಂಗಳೇ ಚಂದಾ ಕಟ್ಟಿದನೇ? ಇಲ್ಲದಿದ್ದರೆ ಏಕೆ ಇಲ್ಲ?

ಈಗಾಗಲೇ ಪೈಲಟ್ ಆಗಿರುವ ನಮ್ಮ ಹುಡುಗರಿಗೂ ಒಂದು ಮಾತು. ಮೋನೆ, ನಿನ್ನ ಕೆಲಸ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ನಿನ್ನ ವಿಮಾನಕ್ಕೆ ಸಹಿ ಹಾಕುವ ಇಂಜಿನಿಯರ್, ಹಿಂದೆ ಟ್ರಾಲಿ ತಳ್ಳುವ ಹುಡುಗಿ, ಕೆಳಗೆ ಪೆಟ್ಟಿಗೆ ಎತ್ತುವ ಕಾಂಟ್ರಾಕ್ಟ್ ಹುಡುಗ ಇವರೆಲ್ಲ ನಿನ್ನ ಕಡೆಯವರು. ಮೊದಲ ತಿಂಗಳ ಸಂಬಳ ಹತ್ತು ದಿನ ತಡವಾದ ದಿನವೇ ಇವರ ಜೊತೆ ಕೂತು ಮಾತಾಡು, ನಾಲ್ಕನೇ ತಿಂಗಳಿನವರೆಗೆ ಕಾಯಬೇಡ. ಎಕ್ಸಿಕ್ಯುಟಿವ್ ಎಂಬ ಬಿರುದು ಕೊಟ್ಟರೆ, ಅದರ ಜೊತೆ ಯಾವ ಹಕ್ಕು ಹೋಗುತ್ತದೆ ಎಂದು ಕೇಳಿ ಆಮೇಲೆ ಸಹಿ ಹಾಕು. ಪಕ್ಕದ ಸೀಟಿನ ಕಿರಿಯ ತಪ್ಪು ತೋರಿಸಿದರೆ ಕೇಳು, ಅದರಿಂದ ನಿನ್ನ ಪಟ್ಟಿ ಉದುರುವುದಿಲ್ಲ.

ಇನ್ನು ನಾವು. ಪುದಿಯಾಪ್ಳೆ ಪೈಲಟ್ ಎಂದು ಎದ್ದು ನಿಲ್ಲುವ ಮೊದಲು, ಅವನ ಕಂಪೆನಿ ಹೋದ ತಿಂಗಳ ಸಂಬಳ ಕೊಟ್ಟಿದೆಯೇ ಎಂದು ಕೇಳುವ ಹಿರಿಯರು ಪ್ರತಿ ಜಮಾಅತ್‌ನಲ್ಲೂ ಒಬ್ಬರಾದರೂ ಬೇಕು. ಸಿಪ್‌ಕಾಟ್‌ನ ಹುಡುಗನಿಗೆ ಹೆಣ್ಣು ಕೊಡುವಾಗ ನಾವು ಮೊದಲು ಕೇಳುವುದು 'ಕಾಯಮೋ, ಕಾಂಟ್ರಾಕ್ಟೋ' ಎಂದು. ಅದೇ ಪ್ರಶ್ನೆಯನ್ನು ಬಿಳಿ ಅಂಗಿಯವನಿಗೂ ಕೇಳೋಣ. ಅದರಿಂದ ಅವನಿಗೆ ಅವಮಾನವಿಲ್ಲ. ಅವನೂ ದುಡಿದು ತಿನ್ನುವವನು ಎಂದು ನಾವು ಒಪ್ಪಿಕೊಂಡ ಹಾಗೆ, ಅಷ್ಟೇ.